ಎರಡನೇ ತರಗತಿಯ ಒಂದು ವರ್ಷ: ಜೂನ್‌ನಿಂದ ಮಾರ್ಚ್‌ವರೆಗೆ ಏನು ಮಾಡಿಸೋದು, ಹೇಗೆ ಮಾಡಿಸೋದು

ಹಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಓದುವ ಕಾರ್ಡ್ ಕೈಗೆ ಕೊಟ್ಟರೆ ಗಡಗಡ ಓದಿಬಿಡುತ್ತಿದ್ದ. ನಾನು ಖುಷಿಯಿಂದ ಪ್ರಗತಿ ನೋಟದಲ್ಲಿ ಟಿಕ್ ಹಾಕುತ್ತಾ ಹೋದೆ. ನವೆಂಬರ್‌ನಲ್ಲಿ ಒಂದು ದಿನ, ಸುಮ್ನೆ, ಕಾರ್ಡಿನ ಚಿತ್ರದ ಮೇಲೆ ಕೈ ಮುಚ್ಚಿ ಸಾಲಿನ ನಡುವಿನ ಒಂದು ಪದಕ್ಕೆ ಬೆರಳಿಟ್ಟೆ. ಅಲ್ಲಿ ಇದ್ದದ್ದು 'ದಡದಲ್ಲಿ'. ಅವನು 'ಕೊಕ್ಕರೆ' ಅಂದ. ಇನ್ನೊಂದು ಪದಕ್ಕೆ ಬೆರಳಿಟ್ಟೆ. ಅವನು ನನ್ನ ಮುಖ ನೋಡಿದ. ಪಕ್ಕದವರು ಓದುವುದನ್ನು ಕೇಳಿ ಕೇಳಿ ಇಡೀ ಕಾರ್ಡನ್ನು ಬಾಯಿಪಾಠ ಮಾಡಿಕೊಂಡಿದ್ದ. ಅವನ ಐದು ತಿಂಗಳು ಹಾಳಾಗಿತ್ತು, ತಪ್ಪು ನನ್ನದು.

ಅವತ್ತಿನಿಂದ ನನ್ನ ಕೆಲಸದ ಕ್ರಮ ತಲೆಕೆಳಗಾಯಿತು. ಮೊದಲು ಚಟುವಟಿಕೆ ಹುಡುಕುತ್ತಿದ್ದೆ. ಈಗ ಮೊದಲು ಮಗು ಎಲ್ಲಿ ನಿಂತಿದೆ ಅಂತ ನೋಡುತ್ತೇನೆ, ಚಟುವಟಿಕೆ ಆಮೇಲೆ. ಕೆಳಗೆ ಬರೆದಿರುವುದೆಲ್ಲ ಈ ಕ್ರಮದಲ್ಲೇ ಇದೆ.

ನಾನು ಬರೆಯುತ್ತಿರುವುದು ನಲಿ-ಕಲಿ, ಅಂದರೆ ಕಾರ್ಡ್, ಚಟುವಟಿಕೆಗಳ ಮೂಲಕ ಕಲಿಸುವ ಸರ್ಕಾರಿ ಶಾಲೆಗಳ ಪದ್ಧತಿ, ಆ ಕೊಠಡಿಯ ಅನುಭವದಿಂದ. ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಯುನಿಸೆಫ್ ನೆರವಿತ್ತು. ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಮೇಷ್ಟ್ರುಗಳೇ ಕಾರ್ಡ್‌ಗಳನ್ನು ತಯಾರು ಮಾಡಿದರು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕಲಿಯಬೇಕಾದ್ದನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿರುತ್ತೆ, ಪ್ರತಿ ಮಗುವೂ ತಾನು ನಿಂತ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ. ನೀವು ಖಾಸಗಿ ಶಾಲೆಯಲ್ಲಿ ಎರಡನೇ ತರಗತಿ ತಗೊಳ್ಳುವವರಾದರೂ, ಮನೆಯಲ್ಲಿ ಏಳು ವರ್ಷದ ಮಗುವಿಗೆ ಕನ್ನಡ ಕಲಿಸುವವರಾದರೂ ಇದರಲ್ಲಿ ಮುಕ್ಕಾಲು ಪಾಲು ಹಾಗೇ ಬಳಸಬಹುದು.

ಮೊದಲ ಹೆಜ್ಜೆ: ಜೂನ್‌ನ ಎರಡು ವಾರ, ಕೇಳಿಸಿಕೊಳ್ಳೋದಷ್ಟೇ

ಬೇಸಿಗೆ ರಜೆ ಮುಗಿಸಿ ಬಂದ ಮಕ್ಕಳು ಅರ್ಧ ಮರೆತಿರುತ್ತಾರೆ. ಅದಕ್ಕೆ ಬೈಯಬೇಡಿ, ಪರೀಕ್ಷೆಯನ್ನೂ ಇಡಬೇಡಿ. ಉಳಿದವರಿಗೆ ಚಿತ್ರ ಬರೆಯಲು, ಜೇಡಿಮಣ್ಣಿನಲ್ಲಿ ಏನಾದರೂ ಮಾಡಲು ಕೊಟ್ಟು ಒಂದೊಂದೇ ಮಗುವನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಒಬ್ಬರಿಗೆ ಏಳೆಂಟು ನಿಮಿಷ ಸಾಕು. ದಿನಕ್ಕೆ ಮೂರು ಮಕ್ಕಳಾದರೂ ಎರಡು ವಾರದಲ್ಲಿ ಮೂವತ್ತು ಮಕ್ಕಳಾಗುತ್ತಾರೆ.

ಏನು ಕೇಳಬೇಕು? ಮೊದಲು ಮಾತು: ನಿನ್ನೆ ಏನು ತಿಂದೆ, ಅಜ್ಜಿ ಊರಲ್ಲಿ ಏನು ಮಾಡಿದೆ. ಮಗು ಎಷ್ಟು ವಾಕ್ಯ ಸೇರಿಸಿ ಹೇಳುತ್ತದೆ ಅಂತ ಗಮನಿಸಿ. ಆಮೇಲೆ ಕ್ರಮ ತಪ್ಪಿಸಿ ಬರೆದ ಹತ್ತು ಮೂಲಾಕ್ಷರ. ನಲಿ-ಕಲಿಯಲ್ಲಿ ಮೊದಲು ಕಲಿಸುವ ರ, ಗ, ಸ, ದ, ಅ ಇಂದ ಶುರು ಮಾಡಿದರೆ ಮಗುವಿಗೆ ಧೈರ್ಯ ಬರುತ್ತೆ. ಸರ, ಅರಸ, ಗರಗಸ ಓದಿತು ಅಂದರೆ ಐದು ಗುಣಿತದ ಪದ ಕೊಡಿ. ಅದೂ ಬಂದರೆ ಮಗು ಹಿಂದೆ ನೋಡಿರದ ಮೂರು ಸಾಲು. ಇಲ್ಲಿ ಬೆರಳಿಟ್ಟು ಕೇಳುವುದನ್ನು ಮರೆಯಬೇಡಿ. ಲೆಕ್ಕಕ್ಕೆ ಒಂದು ಹಿಡಿ ಹುಣಸೆ ಬೀಜ ಸುರಿದು ಎಣಿಸಲು ಹೇಳಿ. ಇಪ್ಪತ್ತು ದಾಟಿದ ಮೇಲೆ ಬೆರಳು ಒಂದು ಕಡೆ, ಬಾಯಿ ಒಂದು ಕಡೆ ಹೋಗುತ್ತಾ? ಎಂಟಕ್ಕೆ ಐದು ಸೇರಿಸು ಅಂದರೆ ಮತ್ತೆ ಒಂದರಿಂದ ಎಣಿಸುತ್ತಾ, ಅಥವಾ ಎಂಟರಿಂದ ಮುಂದಕ್ಕೆ ಹೋಗುತ್ತಾ? ಈ ಎರಡು ಉತ್ತರ ಸಿಕ್ಕರೆ ಇಡೀ ವರ್ಷದ ಗಣಿತವನ್ನು ಎಲ್ಲಿಂದ ಹಿಡಿಯಬೇಕು ಅಂತ ಗೊತ್ತಾಗುತ್ತೆ.

ಇದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಮಗುವಿಗೊಂದು ಪುಟದಂತೆ ಬರೆದಿಡಿ. ಇಲಾಖೆ ಕೇಳುವ ದಾಖಲೆ ಬೇರೆ, ಇದು ನಿಮ್ಮದು. 'ಏತ್ವ, ಓತ್ವ ಗೊಂದಲ', 'ಮಾತು ಚೆನ್ನಾಗಿದೆ, ಅಕ್ಷರ ಹೆದರಿಕೆ' ಅಂತ ಗೀಚಿದ್ದರೂ ಸಾಕು.

ಕೋಣೆ ಮತ್ತು ದಿನದ ಹೊತ್ತು

ಕೋಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರಲಿ. ಗೋಡೆಯ ಕೆಳಭಾಗದ ಕಪ್ಪುಹಲಗೆಯಲ್ಲಿ ಪ್ರತಿ ಮಗುವಿಗೂ ತನ್ನದೇ ಜಾಗ ಇರಲಿ. ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳ ಕೆಲಸ ನೇತುಹಾಕಿ. ತಿಂಗಳಾದರೂ ಬದಲಾಗದ ಚಪ್ಪರ ಬರೀ ಧೂಳು ಹಿಡಿಯುತ್ತೆ, ಅದನ್ನು ಯಾರೂ ನೋಡುವುದಿಲ್ಲ.

ಸಾಮಾನಿಗೆ ಹಣ ಬೇಡ. ತೆಂಗಿನ ಪೊರಕೆಯ ಕಡ್ಡಿಗಳನ್ನು ಬೆರಳುದ್ದ ಮುರಿದು ಐನೂರು ಮಾಡಿಟ್ಟುಕೊಳ್ಳಿ. ರಬ್ಬರ್ ಬ್ಯಾಂಡ್ ಒಂದು ಪ್ಯಾಕೆಟ್, ಹುಣಸೆ ಬೀಜ ಒಂದು ಡಬ್ಬ, ಹಳೇ ಕ್ಯಾಲೆಂಡರ್, ಬಾಟಲಿ ಮುಚ್ಚಳ. ಹಳೇ ಲಗ್ನಪತ್ರಿಕೆಗಳನ್ನು ಬಿಸಾಡಬೇಡಿ, ಅವುಗಳ ಹಿಂಬದಿ ಕಾರ್ಡ್ ಮಾಡಲು ಬಹಳ ಚೆನ್ನಾಗಿರುತ್ತೆ.

ದಿನ ಹೀಗೆ ಸಾಗಲಿ. ಪ್ರಾರ್ಥನೆ, ಹಾಲು ಮುಗಿದ ಮೇಲೆ ಒಂದು ಮಗು ಹವಾಮಾನ ನಕ್ಷೆಯಲ್ಲಿ ಮೋಡವೋ ಬಿಸಿಲೋ ಗುರುತು ಹಾಕುತ್ತದೆ. ಆಮೇಲೆ ಹತ್ತು ಹದಿನೈದು ನಿಮಿಷ ಮಾತು. ಈ ಹೊತ್ತನ್ನು ಕದ್ದು ಕಾಪಿ ಬರೆಸಬೇಡಿ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಮಾತಾಡುವ ಮಕ್ಕಳಿಗೆ ಪುಸ್ತಕದ ಕನ್ನಡದ ಬಾಗಿಲು ತೆರೆಯುವುದು ಇಲ್ಲೇ. ಮಗು ತನ್ನ ಮಾತಲ್ಲೇ ಹೇಳಲಿ, ಅದನ್ನೇ ನೀವು ಕನ್ನಡದಲ್ಲಿ ಇನ್ನೊಮ್ಮೆ ಹೇಳಿ, ಸಾಕು. ತಲೆ ಚುರುಕಾಗಿರುವ ಬೆಳಗಿನ ಹೊತ್ತನ್ನು ಕನ್ನಡಕ್ಕೆ ಕೊಡಿ. ಊಟಕ್ಕೆ ಮೊದಲೇ ಗಣಿತ ಶುರುವಾಗಲಿ. ಬಿಸಿಯೂಟ ಮುಗಿದ ಮೇಲೆ ಕತೆ, ಪರಿಸರ, ಆಟ. ಅನ್ನ ಸಾಂಬಾರು ತಿಂದು ಕೂತ ಮಗುವಿಗೆ ಕಟ್ಟು ಬಿಚ್ಚುವ ಕಳೆಯುವ ಲೆಕ್ಕ ಕೊಟ್ಟರೆ ಅದಕ್ಕೂ ಕಷ್ಟ, ನಿಮಗೂ ಕಷ್ಟ.

ನಲಿ-ಕಲಿಯಲ್ಲಿ ಮಕ್ಕಳು ಕೂರುವ ಗುಂಪುಗಳಿಗೆ ತಟ್ಟೆ ಅಂತೀವಿ, ಅವುಗಳ ವಿಷಯದಲ್ಲಿ ಒಂದೇ ಮಾತು. ಟೀಚರ್ ಪೂರ್ತಿ ಜೊತೆಗಿರುವ ತಟ್ಟೆ, ಅರ್ಧ ಸಹಾಯದ ತಟ್ಟೆ, ಗೆಳೆಯರ ತಟ್ಟೆ, ತಾನೇ ಕಲಿಯುವ ತಟ್ಟೆ ಅಂತ ಇರುತ್ತವಲ್ಲ, ನೀವು ಮೊದಲನೆಯದರಲ್ಲೇ ಕೂತಿರಬೇಕು. ಇಡೀ ಕೋಣೆ ಸುತ್ತುತ್ತಿರುವ ಟೀಚರ್ ತುಂಬ ಕೆಲಸ ಮಾಡಿದ ಹಾಗೆ ಕಾಣುತ್ತಾರೆ. ಅಷ್ಟೂ ಸುತ್ತಿ ಒಂದು ಮಗುವಿನ ಓದನ್ನೂ ಪೂರ್ತಿ ಕೇಳಿರುವುದಿಲ್ಲ.

ಜೂನ್ ಕೊನೆಯಿಂದ ದಸರಾ ರಜೆವರೆಗೆ: ಕಾಗುಣಿತ

ಎರಡನೇ ತರಗತಿಯ ಅತಿ ದೊಡ್ಡ ಕೆಲಸ ಇದೇ. 'ಕ ಕಾ ಕಿ ಕೀ' ಅಂತ ರಾಗವಾಗಿ ಹೇಳುವ ಮಗುವಿಗೆ 'ಕೀ' ಒಂದನ್ನೇ ತೋರಿಸಿ. ಅದು ಮನಸ್ಸಿನಲ್ಲೇ ಮೊದಲಿಂದ ಹಾಡಿಕೊಂಡು ಬಂದು ಅಲ್ಲಿಗೆ ನಿಲ್ಲುತ್ತದೆ, ಇಲ್ಲದಿದ್ದರೆ ಊಹೆ ಮಾಡುತ್ತದೆ. ರಾಗ ಬಂದರೆ ಗುಣಿತ ಬಂತು ಅಂತ ಅಲ್ಲ.

ಹಾಗಾಗಿ ಒಂದು ವಾರಕ್ಕೆ ಒಂದೇ ಚಿಹ್ನೆ ತಗೊಳ್ಳಿ, ಆದರೆ ಗೊತ್ತಿರುವ ಎಲ್ಲ ಅಕ್ಷರಕ್ಕೂ ಹಚ್ಚಿ. ಈ ವಾರ ಇಳಿ: ಕಾ, ಗಾ, ಮಾ, ಬಾ, ಸಾ. ಮುಂದಿನ ವಾರ ಗುಡಿಸು. ಆಮೇಲೆ ಗುಡಿಸಿನ ದೀರ್ಘ, ಕೊಂಬು, ಕೊಂಬಿನ ಇಳಿ, ಏತ್ವ. ವಟ್ರಸುಳಿ, ಔತ್ವಕ್ಕೆ ಆತುರ ಬೇಡ. ಅವು ಬರುವ ಪದಗಳು ಮಗುವಿನ ಬಾಯಲ್ಲಿ ಎಷ್ಟಿವೆ ಹೇಳಿ?

ಆಟ ಹೀಗೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ದೊಡ್ಡ ವೃತ್ತ ಬರೆಯಿರಿ. ಒಂದರಲ್ಲಿ 'ಬಳೆ', ಇನ್ನೊಂದರಲ್ಲಿ 'ಬಾಳೆ'. ನೀವು ಒಂದು ಪದ ಹೇಳಿ, ಮಗು ಆ ವೃತ್ತಕ್ಕೆ ಕುಪ್ಪಳಿಸಬೇಕು. ನಾಲ್ಕು ಸಲ ಆದ ಮೇಲೆ ಪದ ಹೇಳುವ ಸರದಿ ಮಗುವಿನದು, ಕುಪ್ಪಳಿಸುವ ಸರದಿ ನಿಮ್ಮದು. ಬೇಕಂತಲೇ ತಪ್ಪು ವೃತ್ತಕ್ಕೆ ಹಾರಿ. 'ಮಿಸ್, ಔಟು!' ಅಂತ ಕೂಗುವ ಮಗುವಿಗೆ ಗುಣಿತ ಕೈಗೆ ಸಿಕ್ಕಿದೆ. ಕರು-ಕಾರು, ಬಿಡಿ-ಬೀಡಿ, ಕೊಡು-ಕೋಡು, ಹೀಗೆ ಜೋಡಿಗಳು ಕನ್ನಡದಲ್ಲಿ ಬೇಕಾದಷ್ಟಿವೆ.

ಎರಡು ಕಡೆ ಮಕ್ಕಳು ತಪ್ಪದೇ ಎಡವುತ್ತಾರೆ. ಮೊದಲನೆಯದು ಓತ್ವ. ಸರಿಯಾಗಿ ನೋಡಿದರೆ ಓತ್ವ ಹೊಸ ಚಿಹ್ನೆಯೇ ಅಲ್ಲ. 'ಕೊ' ಅಂದರೆ ಏತ್ವದ ಕೊಕ್ಕೆ ತಲೆ ಮೇಲೆ, ಕೊಂಬಿನ ಇಳಿ ಪಕ್ಕದಲ್ಲಿ. ಹಾಗಾಗಿ 'ಕೆ', 'ಕೂ' ಎರಡೂ ಗಟ್ಟಿಯಾಗುವವರೆಗೆ 'ಕೊ'ಗೆ ಹೋಗಬೇಡಿ. ಹೋದಾಗಲೂ ಎರಡು ಬಣ್ಣದ ಸೀಮೆಸುಣ್ಣದಲ್ಲಿ ಎರಡು ತುಂಡುಗಳನ್ನು ತೋರಿಸಿ. ಎರಡನೆಯದು 'ವು', 'ಪು'. ಬೇರೆ ಅಕ್ಷರಗಳಿಗೆ ಕೊಂಬು ಪಕ್ಕದಲ್ಲಿ ಬಂದರೆ ಇವಕ್ಕೆ ಕೆಳಗೆ ಇಳಿಯುತ್ತೆ. ಯಾಕೆ ಅಂತ ಒಂದು ಹುಡುಗಿ ಕೇಳಿದ್ದಳು. 'ವ'ಗೆ ಪಕ್ಕದಲ್ಲೇ ಕೊಂಬು ಕೊಟ್ಟು ನೋಡು ಅಂದೆ. ಬರೆದು ನೋಡಿ, 'ಅಯ್ಯೋ, ಮ ಆಗೋಯ್ತು!' ಅಂದಳು. ಆ ಮೇಲೆ ಅವಳು ತಪ್ಪಲಿಲ್ಲ.

ಹಳೇ ಮೈಸೂರು ಕಡೆಯ ಮಕ್ಕಳು 'ಹಾಲು' ಅನ್ನುವುದನ್ನು 'ಆಲು' ಅಂತಾರೆ, ಹಾಗೇ ಬರೆಯುತ್ತಾರೆ ಕೂಡ. ನಗಬೇಡಿ. ಕೇಳಿದ್ದನ್ನು ಸರಿಯಾಗಿ ಬರೆದಿದೆ ಮಗು. 'ಮನೇಲಿ ಹೀಗಂತೀವಿ, ಪುಸ್ತಕದಲ್ಲಿ ಹೀಗಿರುತ್ತೆ' ಅಂತ ಎರಡನ್ನೂ ಅಕ್ಕಪಕ್ಕ ಬರೆದು ಬಿಡಿ.

ದಸರಾ ಆದ ಮೇಲೆ: ಒತ್ತಕ್ಷರ

ಒತ್ತಕ್ಷರವನ್ನು ಮಗುವಿನ ನೆಂಟರಿಂದ ಶುರು ಮಾಡಿ: ಅಕ್ಕ, ಅಜ್ಜ, ಅಣ್ಣ, ಅಪ್ಪ, ಅಮ್ಮ, ಅಜ್ಜಿ. ಎಲ್ಲವೂ ಸಜಾತೀಯ ಒತ್ತೇ, ಕನ್ನಡ ಟೀಚರುಗಳ ಪುಣ್ಯ. ಕತೆ-ಕತ್ತೆ ಜೋಡಿ ಹೇಳಿದರೆ ಒತ್ತು ಯಾಕೆ ಬೇಕು ಅಂತ ವಿವರಿಸುವುದೇ ಬೇಡ.

ಬಹಳಷ್ಟು ಒತ್ತುಗಳು ತಲೆಕಟ್ಟು ಕಳಚಿದ ಅದೇ ಅಕ್ಷರ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತು ಬೇರೆಯದೇ ರೂಪದಲ್ಲಿ ಇರುತ್ತೆ. ಈ ಆರಕ್ಕೆ ಮಾತ್ರ ಜೋಡಿ ಕಾರ್ಡ್ ಮಾಡಿ: ಒಂದರಲ್ಲಿ ಅಕ್ಷರ, ಒಂದರಲ್ಲಿ ಒತ್ತು. ಬೋರಲು ಹಾಕಿ ಜೋಡಿ ಹುಡುಕುವ ಆಟ ಆಡಿಸಿ. ಒಂದು ವಾರದ ಆಟ ಅಷ್ಟೇ, ಆಮೇಲೆ ವರ್ಷವೆಲ್ಲ ನೆಮ್ಮದಿ. ಪುಸ್ತಕ, ರಸ್ತೆ, ಚಂದ್ರ, ಅಕ್ಷರ ಮುಂತಾದ ವಿಜಾತೀಯ ಒತ್ತು ಡಿಸೆಂಬರ್‌ಗೆ ಬರಲಿ.

ಅರ್ಕಾವತ್ತು ಕೊನೆಗೆ. ಅದು ಬರೆಯುವುದು ಹಿಂದೆ, ಓದುವುದು ಮುಂದೆ. 'ಸೂರ್ಯ'ವನ್ನು 'ಸೂಯ್ರ' ಅಂತ ಓದಿದ ಮಗುವಿಗೆ ಕಣ್ಣು ಸರಿಯಾಗೇ ಇದೆ, ಎಡದಿಂದ ಬಲಕ್ಕೆ ಕಂಡದ್ದನ್ನು ಓದಿದೆ ಅಷ್ಟೇ. ನಾನು ಅರ್ಕಾವತ್ತಿಗೆ 'ಹಿಂದೆ ನಿಂತು ಮುಂದೆ ಕೂಗುವವನು' ಅಂತ ಹೆಸರಿಟ್ಟಿದ್ದೇನೆ. ಸೂರ್ಯ, ಕರ್ನಾಟಕ, ಮಾರ್ಚ್, ಈ ಮೂರು ಪದ ಎರಡನೇ ತರಗತಿಗೆ ಸಾಕು.

ಬರೆಸುವುದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ದಿನಕ್ಕೆ ಎರಡು ಪುಟ ಕಾಪಿ ಬರೆಸುವುದು ಟೀಚರ್ ಬಿಡುವು ಮಾಡಿಕೊಳ್ಳುವ ಉಪಾಯ, ಅದರಿಂದ ಮಗು ಕಲಿಯುವುದು ಕಡಿಮೆ. ಅದರ ಬದಲು ಯಾರಾದರೂ ನಿಜವಾಗಿ ಓದುವಂಥದ್ದನ್ನು ಬರೆಸಿ. ಇವತ್ತಿನ ಬಿಸಿಯೂಟದ ಪಟ್ಟಿ ಬರೆದು ಅಡುಗೆ ಮನೆ ಬಾಗಿಲಿಗೆ ಅಂಟಿಸಲಿ. ನವೆಂಬರ್ 14ರ ಮಕ್ಕಳ ದಿನಕ್ಕೆ ಅಪ್ಪ ಅಮ್ಮನಿಗೆ ಚೀಟಿ ಬರೆಯಲಿ. ಹುಷಾರಿಲ್ಲದೆ ಮನೆಯಲ್ಲಿರುವ ಗೆಳತಿಗೆ ಎರಡು ಸಾಲು ಬರೆಯಲಿ. ಉಕ್ತಲೇಖನ ಬೇಕೇ ಬೇಕು ಅಂದರೆ ಐದು ಪದ ಕೊಡಿ, ಅದರಲ್ಲಿ ನಾಲ್ಕು ಬರುವಂಥದ್ದಿರಲಿ.

ಗಣಿತ: ಕಟ್ಟುವುದು, ಬಿಚ್ಚುವುದು

ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್. ಇದೇ ಎರಡನೇ ತರಗತಿಯ ಅರ್ಧ ಗಣಿತ. ಜುಲೈ ಪೂರ್ತಿ ಕಟ್ಟಿಸಿ. ಮೂವತ್ತಾರು ಅಂದರೆ ಮೂರು ಕಟ್ಟು, ಆರು ಬಿಡಿ. ಇಪ್ಪತ್ತು ದಾಟಿದ ಮೇಲೆ ಕನ್ನಡದ ಸಂಖ್ಯೆಯ ಹೆಸರು ಬರೆಯುವ ಕ್ರಮದಲ್ಲೇ ಇರುತ್ತೆ: ಮೂವತ್ತು ಮೊದಲು, ಆರು ಆಮೇಲೆ. ಇದು ನಮ್ಮ ಮಕ್ಕಳಿಗೆ ಸಿಕ್ಕ ಅನುಕೂಲ. ತೊಂದರೆ ಇರುವುದು ಬೇರೆ ಕಡೆ. ಒಂಬತ್ತು, ಎಂಬತ್ತು, ತೊಂಬತ್ತು, ಈ ಮೂರೂ ಮಗುವಿನ ಕಿವಿಗೆ ಒಂದೇ ಥರ. 89ಕ್ಕೆ 'ಎಂಬತ್ತೊಂಬತ್ತು' ಅನ್ನುವಷ್ಟರಲ್ಲಿ ಮಗು ಸುಸ್ತು. ಎಂಟು ಕಟ್ಟು ಕೈಯಲ್ಲಿ ಹಿಡಿಸಿ 'ಎಂಟು ಕಟ್ಟು, ಎಂಬತ್ತು' ಅಂತ ಹೇಳಿಸಿ, ಒಂಬತ್ತು ಕಟ್ಟು ಹಿಡಿಸಿ 'ತೊಂಬತ್ತು'. ಕೈಗೆ ಭಾರ ಗೊತ್ತಾದರೆ ಕಿವಿಯೂ ಬೇರೆ ಮಾಡಿಕೊಳ್ಳುತ್ತೆ.

ಕಳೆಯುವ ಲೆಕ್ಕ ಅಕ್ಟೋಬರ್ ಕೊನೆಗೆ. 42ರಲ್ಲಿ 17 ತೆಗಿ ಅಂದರೆ ತರಗತಿಯ ಅರ್ಧ ಮಕ್ಕಳು 35 ಅಂತಾರೆ. ಎರಡರಿಂದ ಏಳು ಹೋಗಲ್ಲ, ಹಾಗಾಗಿ ಏಳರಿಂದ ಎರಡು ತೆಗೆದಿರುತ್ತಾರೆ. ಇಲ್ಲಿ 'ಪಕ್ಕದವರ ಹತ್ತಿರ ಸಾಲ ತಗೋ' ಅಂತ ಹೇಳಿಕೊಡುವ ಅಭ್ಯಾಸ ನಮ್ಮಲ್ಲಿದೆ. ನನಗೆ ಇಷ್ಟವಿಲ್ಲ. ಸಾಲ ಅಂದಮೇಲೆ ತೀರಿಸಬೇಕು ಅಲ್ವಾ? 'ಯಾವಾಗ ವಾಪಸ್ ಕೊಡೋದು ಮಿಸ್?' ಅಂತ ಒಬ್ಬ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಮಾಡಿಸುವುದು ಹೀಗೆ: ನಾಲ್ಕು ಕಟ್ಟು, ಎರಡು ಬಿಡಿ ಇಡು. ಏಳು ಬಿಡಿ ಬೇಕು, ಇಲ್ಲ. ಹಾಗಾದರೆ ಒಂದು ಕಟ್ಟು ಬಿಚ್ಚು. ಮೂರು ಕಟ್ಟು, ಹನ್ನೆರಡು ಬಿಡಿ ಆಯ್ತು. ಏಳು ತೆಗಿ, ಐದು ಉಳೀತು. ಒಂದು ಕಟ್ಟು ತೆಗಿ, ಎರಡು ಕಟ್ಟು ಉಳೀತು. ಇಪ್ಪತ್ತೈದು. ರಬ್ಬರ್ ಬ್ಯಾಂಡ್ ಬಿಚ್ಚುವ ಆ ಗಳಿಗೆ ಮಗುವಿನ ಕೈಯಲ್ಲೇ ಆಗಬೇಕು, ನಿಮ್ಮ ಕೈಯಲ್ಲಲ್ಲ. ಹತ್ತು ಹದಿನೈದು ಲೆಕ್ಕ ಕಡ್ಡಿಯಲ್ಲಿ ಆದ ಮೇಲೆ ಮಗುವೇ 'ಕಡ್ಡಿ ಬೇಡ' ಅನ್ನುತ್ತೆ. ಅಲ್ಲಿವರೆಗೆ ಕಾಯಿರಿ.

ಡಿಸೆಂಬರ್‌ಗೆ ನೂರು ದಾಟಿ. ಹತ್ತು ಕಟ್ಟುಗಳನ್ನು ಸೇರಿಸಿ ದೊಡ್ಡ ಕಟ್ಟು. ಮುನ್ನೂರ ಐದು ಬರಿ ಅಂದರೆ 3005 ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ. 300 ಬರೆದ ಚೀಟಿಯ ಕೊನೆಯ ಸೊನ್ನೆಯ ಮೇಲೆ 5 ಬರೆದ ಚಿಕ್ಕ ಚೀಟಿ ಇಡಿಸಿ. ಸೊನ್ನೆ ಮುಚ್ಚಿಹೋಗುವುದನ್ನು ಒಂದು ಸಲ ನೋಡಿದರೆ ಸಾಕಾಗುತ್ತೆ.

ಮಗ್ಗಿ ಬಾಯಿಪಾಠ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಎರಡು, ಐದು, ಹತ್ತರ ಮಗ್ಗಿ ಮೊದಲು ಬೀಜಗಳ ಸಾಲಿನಲ್ಲಿ ಆಗಲಿ, ರಾಗ ಆಮೇಲೆ. ಮಳೆಗಾಲದಲ್ಲಿ ಹೊರಗೆ ಹೋಗಲಾಗದ ಮಧ್ಯಾಹ್ನಗಳಿಗೆ ಅಳಗುಳಿ ಮಣೆ, ಚೌಕಾಬಾರ ಇವೆ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಎರಡು ಸಾಲಿನಲ್ಲಿ ಏಳೇಳು ವೃತ್ತ ಬರೆದು ಬೀಜ ಹಂಚಿಸಿ. ಅಳತೆಗೆ ಗೇಣು, ಮೊಳ, ಹೆಜ್ಜೆ. ಒಂದೇ ಬೆಂಚು ನಿಮಗೆ ಆರು ಗೇಣು, ಮಗುವಿಗೆ ಒಂಬತ್ತು ಗೇಣು ಬಂದಾಗ ಶುರುವಾಗುವ ಜಗಳವೇ ಸ್ಕೇಲಿನ ಪಾಠ.

ಜನವರಿಯಲ್ಲಿ ಮಕ್ಕಳ ಸಂತೆ ಮಾಡಿ. ಮನೆಯಿಂದ ಸೊಪ್ಪು, ನಿಂಬೆಹಣ್ಣು, ಕಡಲೆಕಾಯಿ ತಂದು ಮಾರಲಿ. ಎರಡನೇ ತರಗತಿಯವರಿಗೆ ಒಂದೇ ನಿಯಮ: ಬೆಲೆಯೆಲ್ಲ ಐದು, ಹತ್ತು ರೂಪಾಯಿಯಲ್ಲೇ ಇರಬೇಕು, ಚಿಲ್ಲರೆ ಅವರೇ ಕೊಡಬೇಕು. ಪಕ್ಕದಲ್ಲಿ ನಿಂತ ದೊಡ್ಡವರು ಬಾಯಿ ಹಾಕಬಾರದು. ಇದನ್ನು ಪಾಲಿಸುವುದು ಬಹಳ ಕಷ್ಟ, ನನಗೂ.

ಪರಿಸರ, ಕೋಣೆಯ ಹೊರಗೆ

ಜೂನ್‌ನಲ್ಲಿ ತೇವದ ಬಟ್ಟೆಯಲ್ಲಿ ಹೆಸರುಕಾಳು ಕಟ್ಟಿಡಿ. ಮೊಳಕೆಯನ್ನು ದಿನಾ ಚಿತ್ರದಲ್ಲಿ ಬರೆಯಲಿ. ಹವಾಮಾನ ನಕ್ಷೆಯ ಗುರುತುಗಳನ್ನು ತಿಂಗಳ ಕೊನೆಗೆ ಎಣಿಸಿ 'ಜುಲೈಯಲ್ಲಿ ಎಷ್ಟು ದಿನ ಮಳೆ?' ಅಂತ ಕೇಳಿ. ದಸರಾ ಮುಗಿದು ನೆಲ ಒಣಗಿದ ಮೇಲೆ ಹಾಲಿನ ಡೈರಿಗೋ, ಕುಂಬಾರರ ಮನೆಗೋ, ಅಂಚೆ ಕಚೇರಿಗೋ ಹೋಗಿ ಬನ್ನಿ. ಹೋಗುವ ಮುಂಚೆ ಪ್ರತಿ ಮಗುವೂ ಒಂದು ಪ್ರಶ್ನೆ ಸಿದ್ಧ ಮಾಡಿಕೊಳ್ಳಲಿ. ಡೈರಿಯಲ್ಲಿ ನಮ್ಮ ಹುಡುಗ ಕೇಳಿದ್ದು, 'ನೀರು ಬೆರೆಸಿದ್ರೆ ನಿಮ್ಗೆ ಹೆಂಗೆ ಗೊತ್ತಾಗುತ್ತೆ?' ಅಲ್ಲಿದ್ದವರೆಲ್ಲ ನಕ್ಕರು. ಅವನ ಅಪ್ಪ ಕ್ಯಾನ್ ಹಿಡಿದು ಅಲ್ಲೇ ಸಾಲಿನಲ್ಲಿ ನಿಂತಿದ್ದರು.

ಹಿಂದೆ ಉಳಿದವರು, ಊರು ಬಿಟ್ಟು ಹೋಗಿ ಬಂದವರು

ಕೆಲವು ಊರುಗಳಲ್ಲಿ ಅಪ್ಪ ಅಮ್ಮನ ಜೊತೆ ಗುಳೆ ಹೋಗುವ ಮಕ್ಕಳು ತಿಂಗಳುಗಟ್ಟಲೆ ಇರುವುದಿಲ್ಲ. ವಾಪಸ್ ಬಂದಾಗ ಉಳಿದವರು ಒತ್ತಕ್ಷರದಲ್ಲಿದ್ದರೆ ಇವರನ್ನೂ ಅಲ್ಲಿಗೆ ಎಳೆಯಬೇಡಿ. ಮೆಟ್ಟಿಲು ಅಂತ ಮಾಡಿರುವುದೇ ಇದಕ್ಕೆ. ಜೂನ್‌ನ ಪುಟ ತೆಗೆದು, ಬಿಟ್ಟ ಕಡೆಯಿಂದ ಹಿಡಿಯಿರಿ. ದಿನಾ ಹತ್ತು ನಿಮಿಷ ಬೇರೆಯಾಗಿ ಕೂರಿಸಿಕೊಂಡರೆ ತುಂಬ ಮಕ್ಕಳು ಎರಡು ಮೂರು ತಿಂಗಳಲ್ಲಿ ಹತ್ತಿರ ಬರುತ್ತಾರೆ. ಮೂರನೇ ತರಗತಿಯ ಒಬ್ಬ ಹುಡುಗಿಯನ್ನು ಜೊತೆ ಮಾಡಿದರೆ ಇನ್ನೂ ಬೇಗ. ಟೀಚರ್ ಹತ್ತಿರ ತಪ್ಪು ಹೇಳಲು ಹೆದರುವ ಮಗು ಅಕ್ಕನ ಹತ್ತಿರ ಹೆದರುವುದಿಲ್ಲ.

ತಾಯಂದಿರ ಸಭೆಯಲ್ಲಿ ಒಬ್ಬರು, 'ನಮ್ಗೆ ಓದಕ್ಕೇ ಬರಲ್ಲ ಮೇಡಂ, ಮನೇಲಿ ಏನ್ ಹೇಳ್ಕೊಡೋದು?' ಅಂದರು. 'ಏನೂ ಹೇಳ್ಕೊಡ್ಬೇಡಿ ಅಮ್ಮ, ಅಡುಗೆ ಮಾಡ್ತಾ ಐದು ನಿಮಿಷ ಅವಳ ಕೈಲಿ ಓದಿಸಿ. ಮುಗಿದ ಮೇಲೆ ಕತೆ ಏನು ಅಂತ ಕೇಳಿ' ಅಂದೆ. ಕತೆ ಹೇಳಲು ಬಂದರೆ ಮಗು ಓದಿದೆ ಅಂತ ಅರ್ಥ. ಅದನ್ನು ತಿಳಿದುಕೊಳ್ಳಲು ತಾಯಿಗೆ ಅಕ್ಷರ ಬರಬೇಕಾಗಿಲ್ಲ.

ಫೆಬ್ರವರಿ, ಮಾರ್ಚ್

ಚಿಕ್ಕ ಮಕ್ಕಳ ಓದು, ಲೆಕ್ಕ ಗಟ್ಟಿ ಮಾಡಲು ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್‌ನಲ್ಲಿ ಎರಡನೇ ತರಗತಿ ಮುಗಿಯುವ ಹೊತ್ತಿಗೆ ನಿಮಿಷಕ್ಕೆ 45ರಿಂದ 60 ಪದ ಓದಬೇಕು, 999ರವರೆಗೆ ಸಂಖ್ಯೆ ಓದಿ ಬರೆಯಬೇಕು, 99ರೊಳಗೆ ಕಳೆಯಬೇಕು ಅಂತ ಗುರಿ ಇದೆ. ಗಣಿತದ ಗುರಿ ಸರಿಯಾಗಿಯೇ ಇದೆ. ಪದ ಎಣಿಸುವುದರಲ್ಲಿ ಸ್ವಲ್ಪ ತಾಳ್ಮೆ ಇರಲಿ. ಕನ್ನಡದಲ್ಲಿ 'ಮನೆಯಲ್ಲಿದ್ದಾನೆ' ಅನ್ನುವುದು ಒಂದೇ ಪದ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿ ಮುಖದ ಮುಂದೆ ಹಿಡಿದರೆ ಬರುವ ಓದೂ ಬರುವುದಿಲ್ಲ. ಬೇಕಾದರೆ ಗೋಡೆ ಗಡಿಯಾರ ನೋಡಿಕೊಳ್ಳಿ, ಮಗುವಿಗೆ ಗೊತ್ತಾಗದ ಹಾಗೆ.

ಮಾರ್ಚ್‌ನಲ್ಲಿ ಮತ್ತೆ ಜೂನ್‌ನ ಹಾಗೇ ಒಂದೊಂದು ಮಗುವನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಅದೇ ಪುಟ, ಅದೇ ಪ್ರಶ್ನೆಗಳು, ಬೇರೆ ಶಾಯಿ. ಜೂನ್‌ನಲ್ಲಿ ಮಗು ಬರೆದ ಹೆಸರನ್ನೂ ಈಗ ಬರೆದದ್ದನ್ನೂ ಅಕ್ಕಪಕ್ಕ ತೋರಿಸಿ. 'ಇದು ನಾನ್ ಬರ್ದಿದ್ದಲ್ಲ ಮಿಸ್, ಯಾರೋ ಚಿಕ್ಕೋರು ಬರ್ದಿರೋದು' ಅನ್ನುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಬೇಸಿಗೆ ರಜೆಗೆ ಹೋಂವರ್ಕ್ ಪುಸ್ತಕ ಹೊರಿಸಬೇಡಿ. ಓದುವ ಮೂಲೆಯಿಂದ ಎರಡು ಕತೆ ಪುಸ್ತಕ ಕೊಟ್ಟು ಕಳಿಸಿ, ಹೆಸರು ಬರೆದುಕೊಂಡು. ಒಂದೆರಡು ಹರಿದು ಬರುತ್ತವೆ. ಅಂಟಿಸಲು ಗೋಂದು, ಹಳೇ ಲಗ್ನಪತ್ರಿಕೆ ಎತ್ತಿಟ್ಟುಕೊಂಡಿರಿ.